ಉಪ್ಪುಂದದ ಜೀವನಾಂಶ ಪ್ರಕರಣ

೧೯೪೪ನೇ ಇಸವಿಯಲ್ಲಿ ಕುಂದಾಪುರದ ಜೀವನಾಂಶ ಅಂದಾಜು ಕಚೇರಿಯಲ್ಲಿ ಒಬ್ಬರು ಗುಮಾಸ್ತರೂ ಹದಿನಾಲ್ಕು ನಿಯಮಗಳೂ ಇದ್ದವು. ಮದುವೆಯಿಂದ ಬಿಡುಗಡೆಯಾದ ಹೆಂಡತಿಗೆ ಗಂಡ ತಿಂಗಳಿಗೆ ಎಷ್ಟು ಕೊಡಬೇಕೆಂದು ಸ್ಥಳಕ್ಕೆ ಹೋಗಿ ಅಂದಾಜಿಸುವುದು ಗುಮಾಸ್ತ ಭೋಜಯ್ಯನವರ ಕೆಲಸ. ಹನ್ನೆರಡು ವರ್ಷಗಳಲ್ಲಿ ಅವರ ಒಂದು ಅಂದಾಜೂ ತಪ್ಪಾದದ್ದಿಲ್ಲ. ಸರಿಯಾಯಿತೇ ಎಂದು ಆಮೇಲೆ ಹೋಗಿ ನೋಡಬೇಕೆಂಬ ನಿಯಮ ಹದಿನಾಲ್ಕರಲ್ಲಿ ಇರಲಿಲ್ಲ.

ಆ ಮಾರ್ಚ್ ತಿಂಗಳಲ್ಲಿ ಉಪ್ಪುಂದದ ನಾಗು ಅರ್ಜಿ ಹಾಕಿದಳು. ಅವಳ ಗಂಡ ದೇವು ಮೀನು ವ್ಯಾಪಾರಿ. ಹೆಂಡತಿಯ ಮೈ ಮೀನು ನಾರುತ್ತದೆಂದು ಹತ್ತು ಸಮಸ್ತರ ಮುಂದೆ ಬಿಡುಗಡೆ ಕೊಟ್ಟಿದ್ದ. ಭೋಜಯ್ಯ, ಯುದ್ಧದಿಂದಾಗಿ ಪೆಟ್ರೋಲಿಲ್ಲದೆ ಓಡುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಸ್ವಲ್ಪ ದೂರ ಕೂತು, ಉಳಿದ ದೂರ ಅದನ್ನು ದೂಡಿ ಉಪ್ಪುಂದ ಸೇರಿದರು.

ಹೆಂಡತಿಗೆ ಗಂಡನ ಮನೆಯಲ್ಲಿ ಏನು ಸಿಗುತ್ತಿತ್ತೋ ಅದೇ ಅವಳ ಅಗತ್ಯ ಎಂಬುದು ಏಳನೇ ನಿಯಮ. ಬಿಳಿ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ದ ದೇವುವನ್ನು ಭೋಜಯ್ಯ ಕೇಳಿದರು:

"ನಾಗು ದಿನಕ್ಕೆ ಎಂತೆಂತ ತಿಂತಿತ್ತ್?"

"ನಾವೆಲ್ಲ ಉಂಡಾದ್ ಮೇಲ್ ಪಾತ್ರದಗೆ ಉಳ್ದದ್ ತಿಂತಿತ್ತ್, ಗುಮಾಸ್ತ್ರೆ."

"ಉಳೀದಿದ್ರೆ?"

"ಹಸಿವಿಲ್ಲ ಅಂತಿತ್ತ್."

‘ಅರ್ಜಿದಾರಳಿಗೆ ಹಸಿವಿನ ಅಭ್ಯಾಸವಿಲ್ಲ’ ಎಂದು ಭೋಜಯ್ಯ ಬರೆದರು. ಸೀರೆ ತವರಿನವರು ಕೊಟ್ಟದ್ದು, ಆದ್ದರಿಂದ ಸೊನ್ನೆ. ಜ್ವರ ಬಂದರೂ ಮಲಗಿದವಳಲ್ಲ, ಔಷಧವೂ ಸೊನ್ನೆ. ಎಲೆಯಡಿಕೆ ಬಾಬ್ತು ಒಂದಾಣೆ. ತಿಂಗಳ ಒಟ್ಟು ಅಗತ್ಯ: ಒಂದಾಣೆ.

ಮೊತ್ತದ ಕೆಳಗೆ ಗೆರೆ ಎಳೆಯಲು ಭೋಜಯ್ಯ ರೂಲುಕಟ್ಟಿಗೆ ಇಟ್ಟರು. ತಮ್ಮ ಹೆಂಡತಿ ಸರಸ ಊಟ ಮಾಡುವುದನ್ನು ತಾವೂ ಕಂಡದ್ದಿಲ್ಲವೆಂದು ನೆನಪಾಯಿತು. ಆದರೆ ಅದು ಈ ಕಡತಕ್ಕೆ ಸೇರಿದ ವಿಷಯವಲ್ಲವಾದ್ದರಿಂದ ಗೆರೆ ಎಳೆದರು.

ಅಷ್ಟರಲ್ಲಿ ಗುಮಾಸ್ತರು ಬಂದದ್ದು ಕೇಳಿ ನಾಗು ಬಂದಳು. ಖಾಲಿ ಬುಟ್ಟಿ ಇಳಿಸಿ ಅಂಗಳದಲ್ಲೇ ನಿಂತಳು.

"ಹ್ವಾಯ್ ಗುಮಾಸ್ತ್ರೆ, ಗಂಡನ ವರಮಾನ ಬರೆಯೂಕಿಲ್ಯಾ?"

ಅಂಥದೊಂದು ಕಾಲಂ ಇತ್ತು. ಭೋಜಯ್ಯ ದೇವುವಿನ ಕಡೆ ತಿರುಗಿದರು.

"ಮೀನ್ ಮಾರಿದ್ರೆ ದಿನಕ್ಕೊಂದ್ ರೂಪಾಯಿ ಹತ್ರ ಆತಿತ್ತ್," ಎಂದ ದೇವು.

"ಮಾರೂದ್ ಯಾರ್?"

ದೇವು ಕಂಬ ನೋಡಿದ. "ನಾಗುವೇ ಮಾರ್ತಿತ್ತ್. ತಲಿ ಮೇಲ್ ಹೊತ್ಕಂಡ್ ಯಡ್ತರೆ ಊರ್ ಬದಿಗ್ ಹೋತಿತ್ತ್."

"ಈಗ?"

"ಈಗ ಮೀನ್ ಕೊಳೆಯೂದೇ."

"ನೀನೇ ಹೊತ್ರೆ ಎಂತ?"

"ಎಂತ ಮರಾಯ್ರೆ! ನನ್ ಮೈ ಮೀನ್ ನಾರೂದಿಲ್ಯಾ?"

ನ್ಯಾಯವಾದ ಮಾತು. ದೇವುವಿನ ವರಮಾನ ಸೊನ್ನೆ ಎಂದು ದಾಖಲಾಯಿತು. ನಾಗು ಈಗ ತನ್ನ ಅಣ್ಣನ ದೋಣಿಯ ಮೀನು ಮಾರಿ ತಿಂಗಳಿಗೆ ಇಪ್ಪತ್ತೆಂಟು ರೂಪಾಯಿ ದುಡಿಯುತ್ತಿದ್ದಳು. ಭೋಜಯ್ಯ ನಿಯಮಗಳ ಪುಸ್ತಕ ತೆರೆದರು. ಹನ್ನೊಂದನೇ ನಿಯಮ ಹೀಗಿತ್ತು: ‘ವರಮಾನವಿರುವ ಪಕ್ಷವು ವರಮಾನವಿಲ್ಲದ ಪಕ್ಷಕ್ಕೆ ತನ್ನ ವರಮಾನದ ಏಳನೇ ಒಂದಂಶ ಕೊಡತಕ್ಕದ್ದು.’ ಮೂರು ಸಲ ಲೆಕ್ಕ ಮಾಡಿದರು. ಮೂರು ಸಲವೂ ಕೊಡಬೇಕಾದವಳು ನಾಗುವೇ. ಹಾಳೆ ಹರಿದುಬಿಡೋಣವೆನಿಸಿತು. ಹರಿದ ಹಾಳೆಗೆ ಗುಮಾಸ್ತನೇ ದಂಡ ತೆರಬೇಕೆಂಬ ನಿಯಮವೂ ಇತ್ತು.

"ನಾಗು," ಎಂದರು, ತಲೆ ಎತ್ತದೆ. "ನಾಲ್ಕ್ ರೂಪಾಯಿ. ನೀನೇ ಇವಂಗ್ ಕೊಡ್ಕ್."

ಅಳು, ಶಾಪ, ಬುಟ್ಟಿಯ ಏಟು ಮೂರಕ್ಕೂ ಅವರು ಸಿದ್ಧರಾಗಿದ್ದರು.

"ದಿನಕ್ಕಾ, ತಿಂಗ್ಳಿಗಾ?"

"ತಿಂಗ್ಳಿಗೆ."

"ಇಷ್ಟ್ ವರ್ಷ ಬುಟ್ಟಿ ದುಡ್ಡ್ ಪೂರಾ ಇವ್ರ್ ಕೈಗೇ ಕೊಡ್ತಿದ್ದೆ," ಎಂದಳು ನಾಗು. "ಇನ್ ಮೇಲ್ ನಾಲ್ಕೇ ಸಾಕಾ? ಹೆಬ್ಬೆಟ್ಟ್ ಎಲ್ಲಿ ಒತ್ತೂದ್, ಬೇಗ ಹೇಳಿ. ಇವ್ರ್ ಮನಸ್ ಬದ್ಲ್ ಮಾಡುಕ್ ಮುಂಚೆ."

ಹದಿಮೂರನೇ ನಿಯಮದಂತೆ, ಜೀವನಾಂಶ ಪಡೆಯುವವರು ಪ್ರತಿ ತಿಂಗಳೂ ಊರ ಪಟೇಲರಿಂದ ಪಾತಿವ್ರತ್ಯದ ಪ್ರಮಾಣಪತ್ರ ತಂದೊಪ್ಪಿಸಬೇಕಿತ್ತು. ಭೋಜಯ್ಯ ಹೆಂಗಸರಿಗೆಂದೇ ಅಚ್ಚಾದ ಫಾರಂ ದೇವುವಿಗೆ ಕೊಟ್ಟರು.

"ಗಂಡಸ್ರಿಗೆ ಬೇರೆ ಇಲ್ಯಾ?" ಎಂದ ದೇವು.

"ಯುದ್ಧದ ಕಾಲ ಮರಾಯ. ಕಾಗ್ದ ಎಲ್ಲಿತ್ತ್?"

ಮೇಲಧಿಕಾರಿಗಳು ಕಡತ ಓದಿ, ಹೊಸ ಫಾರಂ ಕೇಳದೆ ಕಾಗದ ಉಳಿಸಿದ್ದಕ್ಕೆ ಭೋಜಯ್ಯನವರನ್ನು ಲಿಖಿತವಾಗಿ ಹೊಗಳಿದರು.

ಆ ಹೊಗಳಿಕೆಯ ಪತ್ರ ಬಂದ ಸಂಜೆ ಭೋಜಯ್ಯ ಊಟಕ್ಕೆ ಕೂತು, ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಕೇಳಿದರು: "ಸರಸ, ನಿಂದ್ ಊಟ ಆಯ್ತಾ?"

ಸರಸಳ ಕೈಯ ಸೌಟು ನಿಂತಿತು. "ಎಂತ ಆಯ್ತ್? ಕೆಲ್ಸ ಹೋಯ್ತಾ?"

ಕೆಲಸ ಹೋಗಿಲ್ಲವೆಂದು ಅವಳನ್ನು ನಂಬಿಸುವಷ್ಟರಲ್ಲಿ ಅನ್ನ ತಣಿಯಿತು. ತಮ್ಮ ಮನೆ ತಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂದು ಭೋಜಯ್ಯ ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡು, ಇನ್ನೊಂದು ಸೌಟು ಸಾರು ಬಡಿಸಿಕೊಂಡರು.

ನಾಗು ಪ್ರತಿ ತಿಂಗಳ ಒಂದನೇ ತಾರೀಕು ತಪ್ಪದೆ ಹಣ ಕಟ್ಟಿದಳು. ದೇವು ಐದನೇ ತಾರೀಕು ತಪ್ಪದೆ ಕುಂದಾಪುರಕ್ಕೆ ಬಂದು, ತಾನು ಪರಪುರುಷನನ್ನು ಕಣ್ಣೆತ್ತಿಯೂ ನೋಡಿಲ್ಲವೆಂಬ ಪಟೇಲರ ಸಹಿಯ ಕಾಗದ ಒಪ್ಪಿಸಿ ನಾಲ್ಕು ರೂಪಾಯಿ ಎಣಿಸಿಕೊಂಡ. ಅದರ ಒಂದು ನಕಲಿಗೆ ಅವನ ತಾಯಿ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಬಿಟ್ಟಳು. ಬಂದವರೆಲ್ಲ ನೋಡಿ ಹೌದೆಂದು ತಲೆದೂಗಿದರು. ಇಡೀ ಉಪ್ಪುಂದದಲ್ಲಿ ಸರ್ಕಾರಿ ದಾಖಲೆ ಇದ್ದ ಪತಿವ್ರತೆ ಅವನೊಬ್ಬನೇ.