ಕೆಂಗೇರಿ ದಾಟದ ಕೊರವಂಜಿ

ನಮ್ಮ ಸೋದರತ್ತೆ, ಅಂದರೆ ಅಪ್ಪನ ಒಡಹುಟ್ಟಿದ ತಂಗಿ, ಬೆಂಗಳೂರಿನ ಇಡೀ ವಿಜಯನಗರದ ಏಕೈಕ ಜಿಪ್ಸಿ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಹುಟ್ಟು ಜಿಪ್ಸಿಯಲ್ಲ, ಸ್ವಯಂಘೋಷಿತ ಜಿಪ್ಸಿ. ಜಿಪ್ಸಿ ಎಂದರೆ ಗೊತ್ತಲ್ಲ? ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ, ಗಾಡಿಯೇ ಮನೆ, ಆಕಾಶವೇ ಸೂರು ಎಂದು ಕಥೆಗಳಲ್ಲಿ ಬರುವ ಜನ. ನಮ್ಮತ್ತೆಗೆ ಅರವತ್ತು ದಾಟಿದೆ, ಆದರೆ ಅವರು ಇನ್ನೂ ಕೆಂಗೇರಿ ದಾಟಿಲ್ಲ!

ಕೆಂಗೇರಿಯನ್ನಾದರೂ ಮುಟ್ಟಿದ್ದು ಎರಡನೇ ಪ್ರಯತ್ನದಲ್ಲಿ. ಮೊದಲ ಸಲ ಯಾರದೋ ಗೃಹಪ್ರವೇಶ. ನೀರಿನ ಬಾಟಲಿ, ಕೊಡೆ, ಟಾರ್ಚು, ತಲೆನೋವಿನ ಮಾತ್ರೆ, ದಾರಿಯಲ್ಲಿ ಹಸಿವಾದರೆ ಎಂದು ಅವಲಕ್ಕಿ, ಎಲ್ಲ ಹೊತ್ತುಕೊಂಡು ಮೆಟ್ರೋ ಹತ್ತಿದವರು ದೀಪಾಂಜಲಿನಗರದಲ್ಲೇ ಇಳಿದುಬಿಟ್ಟರು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಅನುಮಾನ. ಮನೆಗೆ ಓಡಿ ಬಂದರೆ ಒಲೆ ತಣ್ಣಗಿತ್ತು, ಆದರೆ ಆತುರದಲ್ಲಿ ಹೋಗುವಾಗ ಬಾಗಿಲಿಗೆ ಬೀಗ ಹಾಕುವುದೇ ಮರೆತಿತ್ತು. "ನೋಡಿದ್ಯಾ, ಬಂದಿದ್ದೇ ಒಳ್ಳೇದಾಯ್ತು" ಎಂದು ಗೆದ್ದವರಂತೆ ಕಾಫಿಗಿಟ್ಟರು. ಮಾವ ಒಬ್ಬರೇ ಗೃಹಪ್ರವೇಶದಲ್ಲಿ ಊಟ ಮಾಡಿ ಬಂದರು.

ಇಂಥ ಪುಕ್ಕಲು ಹೆಂಗಸನ್ನು ಕಂಡರೆ ಭಯಪಡುವವರು ಯಾರಾದರೂ ಇದ್ದಾರೆಯೇ? ಇದ್ದೆ, ನಾನಿದ್ದೆ. ಹೋದ ತಿಂಗಳು ನನ್ನ ಸೀಮಂತಕ್ಕೆ ದಿನ ಗೊತ್ತಾದ ಗಳಿಗೆಯಿಂದ ನಾನು ಹೆದರಿದ್ದು ಡಾಕ್ಟರಿಗಲ್ಲ, ಸ್ಕ್ಯಾನಿಂಗಿಗಲ್ಲ, ಅತ್ತೆಗೆ. ಯಾಕೆ ಎಂದು ಹೇಳಬೇಕಾದರೆ ಅವರ ಜಿಪ್ಸಿ ಪುರಾಣವನ್ನು ಮೊದಲಿನಿಂದ ಹೇಳಬೇಕು.

ಈ ಹುಚ್ಚು ಅವರಿಗೆ ಹಿಡಿದದ್ದು ಪಿಚ್ಚರಿನಿಂದ. ಹಳೇ ಪಿಚ್ಚರುಗಳಲ್ಲಿ ಜಿಪ್ಸಿಗಳಿಗೆಂದೇ ಒಂದು ಹಾಡು ಮೀಸಲಿರುತ್ತಿತ್ತು. ಕಾಡಿನ ನಡುವೆ ಬೆಂಕಿ, ಸುತ್ತ ಡೇರೆಗಳು, ಕನ್ನಡಿ ಹೊಲಿದ ಲಂಗ ಹಾರಿಸುತ್ತ ಕುಣಿಯುವ ನಾಯಕಿ. ಪಕ್ಕದಲ್ಲಿ ಅಂಟಿಸಿದ ಮೀಸೆಯಲ್ಲಿ ನಾಯಕ ಡೋಲು ಬಡಿಯುತ್ತಿರುತ್ತಾನೆ. ಮೀಸೆ ಅಂಟಿಸಿದ್ದೆಂದು ಖಳನಾಯಕನೊಬ್ಬನನ್ನು ಬಿಟ್ಟು ಥಿಯೇಟರಿನಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ. ಕೊನೆಗೆ ನಾಯಕಿ ಜಿಪ್ಸಿಯೇ ಅಲ್ಲ, ಹಸುಗೂಸಾಗಿದ್ದಾಗ ಅವರು ಕದ್ದೊಯ್ದ ಜಮೀನ್ದಾರರ ಮಗಳು ಎಂದು ತೋಳಿನ ಮಚ್ಚೆಯಿಂದ ಪತ್ತೆಯಾಗುತ್ತದೆ. ರಾಜಾಜಿನಗರದ ಬಾಡಿಗೆ ಪುಸ್ತಕದ ಅಂಗಡಿಯಿಂದ ತರುತ್ತಿದ್ದ ಪತ್ತೇದಾರಿ ಕಾದಂಬರಿಗಳಲ್ಲಿ ಇನ್ನೊಂದು ಬಗೆ. ಊರಾಚೆ ಒಬ್ಬ ಜಿಪ್ಸಿ ಮುದುಕಿ ನಾಯಕನ ಅಂಗೈ ನೋಡಿ ಬೆಚ್ಚಿಬಿದ್ದು, ಆ ಬಂಗಲೆಗೆ ಹೋಗಬೇಡ ಎನ್ನುತ್ತಾಳೆ. ಅವನು ಹೋಗಿಯೇ ಹೋಗುತ್ತಾನೆ. ಹೋಗದಿದ್ದರೆ ಉಳಿದ ಪುಟಗಳಲ್ಲಿ ಏನು ಬರೆಯುವುದು?

ಮೊಬೈಲು ಬಂದ ಮೇಲಂತೂ ಅತ್ತೆಯ ಜ್ಞಾನ ಸಮುದ್ರ ದಾಟಿತು. ಯುರೋಪಿನಲ್ಲಿರುವ ಜಿಪ್ಸಿಗಳು ತಮ್ಮನ್ನು ರೋಮಾ ಎಂದು ಕರೆದುಕೊಳ್ಳುತ್ತಾರೆ, ಅವರ ಹಿರಿಯರು ಯಾವುದೋ ಕಾಲದಲ್ಲಿ ನಮ್ಮ ದೇಶದಿಂದಲೇ ಹೋದವರು ಎಂದು ಯಾವುದೋ ವೀಡಿಯೋ ಹೇಳಿತು. ಅತ್ತೆಗೆ ಅಷ್ಟೇ ಸಾಕಾಯಿತು. "ನಮ್ ಕಡೆಯೋರೇ ಕಣೇ ಅವ್ರೆಲ್ಲ" ಎಂದು ನೆಂಟಸ್ತನ ಕಟ್ಟಿಬಿಟ್ಟರು. ಹುಳಿ ಕುದಿಯುವಾಗ ಅಡುಗೆಮನೆಯಲ್ಲಿ ಫೋನಿನಿಂದ ರೋಮಾ ಪಿಟೀಲು ಮೊಳಗತೊಡಗಿತು. ನೆಂಟಸ್ತನ ಆದಮೇಲೆ ಚಿಂತೆ ಬಾರದಿರುತ್ತದೆಯೇ? ಯಾವುದೋ ಊರಿನಲ್ಲಿ ಅವರ ಬೀಡುಗಳನ್ನು ಎಬ್ಬಿಸುವುದನ್ನು ಫೋನಿನಲ್ಲಿ ನೋಡಿದ ದಿನ ಅತ್ತೆ ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಟ್ಟಲಿಲ್ಲ.

"ಅಷ್ಟು ಚಳೀಲಿ ಆ ಮಕ್ಕಳನ್ನ ಎಲ್ಲಿ ಮಲಗಿಸ್ತಾರೋ ಏನೋ."

"ನೀನು ಉಪ್ಪಿಟ್ಟು ಬಿಟ್ರೆ ಅವ್ರಿಗೆ ಮನೆ ಸಿಗುತ್ತೇನೆ?" ಎಂದರು ಮಾವ.

"ಸಿಗಲ್ಲ. ಆದ್ರೆ ನಂಗೆ ಇಳಿಯಲ್ಲ" ಎಂದರು ಅತ್ತೆ.

ನಮ್ಮ ಮನೆತನದಲ್ಲಿ ಸೀಮಂತಕ್ಕೆ ಒಬ್ಬರು ಕೊರವಂಜಿ ವೇಷ ಹಾಕಿಕೊಂಡು ಬಂದು, ಬಸುರಿಯ ಕೈ ಹಿಡಿದು ಕಣಿ ಹೇಳುವ ಪದ್ಧತಿ ಇದೆ. ಅಜ್ಜಿಯ ನಂತರ ಆ ಬುಟ್ಟಿ, ಕೋಲು ಅತ್ತೆಯ ಪಾಲಿಗೆ ಬಂದವು. ಅಜ್ಜಿ ಹಳೇ ಸೀರೆ ಎತ್ತಿ ಕಟ್ಟಿಕೊಂಡು ಮುಗಿಸುತ್ತಿದ್ದುದನ್ನು ಅತ್ತೆ ಅಂತಾರಾಷ್ಟ್ರೀಯ ಮಟ್ಟಕ್ಕೆ ಏರಿಸಿದರು. ಪಿಚ್ಚರಿನ ಕನ್ನಡಿ ಲಂಗ, ಫೋನಿನಲ್ಲಿ ಕಂಡ ರೋಮಾ ಹೆಂಗಸರ ತಲೆವಸ್ತ್ರ, ಕಿವಿಗೆ ಕಡಲುಗಳ್ಳರ ಥರದ ಒಂದು ದೊಡ್ಡ ರಿಂಗು, ಜೊತೆಗೆ ನಮ್ಮ ಕೊರವಂಜಿಯ ಬುಟ್ಟಿ. ಅತ್ತೆಯ ಲೆಕ್ಕದಲ್ಲಿ ಕೊರವಂಜಿ, ಲಂಬಾಣಿ, ಹಕ್ಕಿಪಿಕ್ಕಿ, ರೋಮಾ ಎಲ್ಲ ಒಂದೇ ತಾಯಿಯ ಮಕ್ಕಳು.

ಆರ್‌ಪಿಸಿ ಲೇಔಟಿನ ಒಂದು ಸೀಮಂತಕ್ಕೆ ಹೊರಟಾಗ, ಫಾರಿನ್ ಜಿಪ್ಸಿಗಳ ಮುಂದೆ ಒಂದು ಗಾಜಿನ ಗೋಲ ಇರುತ್ತದೆ ಎಂದು ಅವರಿಗೆ ನೆನಪಾಯಿತು. ಮನೆಯಲ್ಲಿದ್ದ ಗಾಜಿನ ಗೋಲ ಒಂದೇ, ಅದರಲ್ಲಿ ಮೀನಿತ್ತು. ಮೀನನ್ನು ತಾತ್ಕಾಲಿಕವಾಗಿ ಚೊಂಬಿಗೆ ವರ್ಗಾಯಿಸಿ ಗೋಲವನ್ನು ಬುಟ್ಟಿಯಲ್ಲಿಟ್ಟುಕೊಂಡು ನಡೆದರು. ಅಲ್ಲಿ ಕಣ್ಣು ಮುಚ್ಚಿ, ಗೋಲದ ಮೇಲೆ ಕೈಯಾಡಿಸಿ, "ಕಾಣ್ತಾ ಇದೆ, ಕಾಣ್ತಾ ಇದೆ" ಎನ್ನುವಷ್ಟರಲ್ಲಿ ಅತ್ತೆಗೆ ತಟ್ಟನೆ ಕಂಡದ್ದು ಚೊಂಬು. ಮಾವ ಸಂಜೆ ಗಿಡಕ್ಕೆ ನೀರು ಹಾಕುವ ಚೊಂಬು! ಕಣಿಯನ್ನು ಅರ್ಧಕ್ಕೇ ಬಿಟ್ಟು ಲಂಗ ಎತ್ತಿಕೊಂಡು ಆಟೋಗೆ ಓಡಿದರು. ಮೀನು ಬದುಕಿತು. ಆ ಬಸುರಿಗೆ ಗಂಡೋ ಹೆಣ್ಣೋ ಎಂಬುದು ಹೆರಿಗೆಯಾದ ಮೇಲೆ ತಿಳಿಯಿತು.

ಅತ್ತೆಯ ಮನೆಯ ಮೇಲ್ಗಡೆ ಸುನೀತಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ವಿಜಯಪುರದ ಕಡೆಯ ತಾಂಡಾದವಳು, ಲಂಬಾಣಿ, ಕಾನೂನು ಓದುತ್ತಿದ್ದಳು. ಬಿಸಿಲಿಗೆ ಹರಡಿದ್ದ ಲಂಗವನ್ನು ನೋಡಿ ಅವಳು ಬಹಳ ಹೊತ್ತು ನಕ್ಕಳಂತೆ. ಅತ್ತೆ ಬಿಡುತ್ತಾರೆಯೇ? "ನಿಮ್ಮಜ್ಜಿ ಕಣಿ ಚೆನ್ನಾಗಿ ಹೇಳ್ತಾರಾ?" ಎಂದು ವಿಚಾರಿಸಿದರು.

"ನಮ್ಮಜ್ಜಿಗೆ ಮುಂದಿಂದು ಹೇಳಾಕ ಬರ್ತಿದ್ರ ನಾವು ಮೊದಲ ಕಬ್ಬಿನ ರೇಟ್ ಕೇಳ್ತಿದ್ವಿ ರೀ ಆಂಟಿ" ಎಂದಳು ಸುನೀತಾ.

ಅಲ್ಲಿಗೆ ಅತ್ತೆಗೆ ಹೊಸ ಚಿಂತೆ ಹತ್ತಿತು. ಹುಡುಗಿ ನಕ್ಕಿದ್ದು ನಿಜವಾದ ನಗುವೋ, ನೊಂದುಕೊಂಡು ನಕ್ಕಿದ್ದೋ? ಕೇಳಲು ಧೈರ್ಯವಿಲ್ಲ, ಸುಮ್ಮನಿರಲು ಮನಸ್ಸಿಲ್ಲ. ಒಂದು ದಿನ ಬಸ್ಸಾರು, ಇನ್ನೊಂದು ದಿನ ಕೋಸಂಬರಿ, ಮತ್ತೊಂದು ದಿನ ಒಬ್ಬಟ್ಟು ಎಂದು ಮೆಟ್ಟಿಲು ಹತ್ತಿದ್ದೇ ಹತ್ತಿದ್ದು. ಕೊನೆಗೆ ಅವಳೇ ಅತ್ತೆಯನ್ನು ಕೂರಿಸಿಕೊಂಡು ಹೇಳಿದಳು. "ಆಂಟಿ, ಲಂಗಾ ಹಾಕ್ಕೊಳ್ರಿ, ಚಂದ ಕಾಣಸ್ತೀರಿ. ಆದ್ರ ಕೂಸು ಕದ್ದು ಬುಟ್ಟ್ಯಾಗ ಇಟ್ಕೊಳ್ಳೋ ಆಟ ಒಂದು ಬಿಟ್ಟುಬಿಡ್ರಿ. ನಾ ಸಣ್ಣಾಕಿ ಇದ್ದಾಗ ನಮ್ಮವ್ವ ಬಸ್ ಹತ್ತಿದ್ರ ಮಂದಿ ತಮ್ಮ ಕೂಸು ಜಗ್ಗಿ ಮಡಿಲಾಗ ಇಟ್ಕೋತಿದ್ರು. ನಾನೂ ನಮ್ಮವ್ವನ ಮಡಿಲಾಗ ಇರ್ತಿದ್ದೆ ರೀ."

ಸೀಮಂತಗಳಲ್ಲಿ ಯಾರದಾದರೂ ಮಗುವನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡು ಓಡುವುದು ಅತ್ತೆಯ ವೇಷದ ಬಲು ಜನಪ್ರಿಯ ಭಾಗವಾಗಿತ್ತು. ಅಂದಿನಿಂದ ಅದು ನಿಂತೇಹೋಯಿತು. ಟೀವಿಯಲ್ಲಿ ಹಳೇ ಪಿಚ್ಚರು ಬಂದು ಮಚ್ಚೆ ತೋರಿಸುವ ಹೊತ್ತಾದರೆ, "ಕದ್ದಿಲ್ಲ ಕಣಯ್ಯ, ಕದ್ದಿಲ್ಲ" ಎಂದು ಜಮೀನ್ದಾರನಿಗೆ ಗದರಿ ಚಾನೆಲ್ ಬದಲಾಯಿಸತೊಡಗಿದರು. ಕಥೆಯಲ್ಲಿ ಬರುವ ಜಿಪ್ಸಿಗೆ ಊರವರೆಲ್ಲರ ನಾಳೆ ಗೊತ್ತು, ಅವಳ ನಾಳೆ ಏನು ಎಂದು ಮಾತ್ರ ಯಾರೂ ಕೇಳುವುದಿಲ್ಲ ಎಂದು ನನಗೂ ಆಗಲೇ ಹೊಳೆದದ್ದು.

ಇನ್ನು ನನ್ನ ಭಯದ ವಿಷಯ. ಎರಡು ವರ್ಷದ ಹಿಂದೆ ಬಸವೇಶ್ವರನಗರದಲ್ಲಿ ನನ್ನ ದೊಡ್ಡಪ್ಪನ ಮಗಳ ಸೀಮಂತ. ನನಗೆ ಆಗ ಮೂರು ತಿಂಗಳು, ಮನೆಯವರಿಗಷ್ಟೇ ಗೊತ್ತಿತ್ತು. ಅತ್ತೆ ಅವಳಿಗೆ ಕಣಿ ಹೇಳಿ ಮುಗಿಸಿ, ಉತ್ಸಾಹ ಇನ್ನೂ ಇಳಿಯದೆ, ಬಾಗಿಲ ಬಳಿ ನಿಂತಿದ್ದ ನನ್ನ ಕೈಯನ್ನು ಎಲ್ಲರೆದುರಿಗೆ ಎಳೆದುಕೊಂಡರು. "ಇವ್ಳಿಗೂ ಉಂಟು! ದೀಪಾವಳಿ ಹೊತ್ಗೆ ತೊಟ್ಲು ಕಟ್ತೀವಿ!" ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ನಾಚಿಕೊಂಡು ನಕ್ಕೆ. ಮುಂದಿನ ತಿಂಗಳಲ್ಲೇ ಆ ಕೂಸು ನನಗೆ ಉಳಿಯಲಿಲ್ಲ.

ಅತ್ತೆ ಆಸ್ಪತ್ರೆಗೆ ಬರಲಿಲ್ಲ. ಮಾವನ ಕೈಲಿ ಸಾರನ್ನ ಕಳಿಸಿದರು. ಆಮೇಲೆ ಸಿಕ್ಕಾಗಲೆಲ್ಲ ಹವಾಮಾನ, ಹಾಲಿನ ರೇಟು, ಮೆಟ್ರೋ ರಶ್ಶು ಇಷ್ಟೇ ಮಾತು. ಅವರ ತಪ್ಪು ಏನೂ ಇಲ್ಲವೆಂದು ನನ್ನ ತಲೆಗೆ ಗೊತ್ತಿತ್ತು. ಆದರೆ ಆ ಚಪ್ಪಾಳೆ ಕಿವಿಯಿಂದ ಹೋಗಿರಲಿಲ್ಲ. ಅತ್ತೆ ಆಮೇಲೆ ಆ ಲಂಗ ಉಟ್ಟಿದ್ದನ್ನು ಯಾರೂ ನೋಡಲಿಲ್ಲ. ಮಂಡಿನೋವು ಎನ್ನುತ್ತಿದ್ದರು.

ಈಗ ಮತ್ತೆ ನಾನು ಬಸುರಿ, ಏಳು ತಿಂಗಳು. ಮಗು ಒದ್ದರೆ ಯಾಕೆ ಒದೆಯಿತು ಎಂದು ಭಯ, ಒದೆಯದಿದ್ದರೆ ಯಾಕೆ ಒದೆಯಲಿಲ್ಲ ಎಂದು ಭಯ. "ಏನೂ ಆಗಲ್ಲ, ಧೈರ್ಯವಾಗಿರು" ಎನ್ನುವುದರಲ್ಲಿ ಅಮ್ಮ, ಗಂಡ, ಪಕ್ಕದ ಮನೆಯವರು, ತರಕಾರಿ ಮಾರುವ ಆಂಟಿ, ಎಲ್ಲರದೂ ಒಂದೇ ರಾಗ. ಅದರ ನಡುವೆ ನೆಂಟರಿಂದ ಫೋನು. "ಕೊರವಂಜಿ ಬರ್ತಾರೆ ತಾನೇ?" ಬರಲಿ ಎಂದರೆ ಇನ್ನೊಂದು ಕಣಿ ಕೇಳುವ ಎದೆ ನನಗಿಲ್ಲ. ಬೇಡ ಎಂದರೆ ಅತ್ತೆ ಬದುಕಿರುವವರೆಗೂ ಕೊರಗುತ್ತಾರೆ. ಒಳ್ಳೆಯದನ್ನೇ ಹೇಳಿದರೂ ಹೆದರಿಕೆ, ಹೋದ ಸಲವೂ ಒಳ್ಳೆಯದನ್ನೇ ಹೇಳಿದ್ದರಲ್ಲ! ಅಂತೂ ಏನನ್ನೂ ಹೇಳದೆ ಉಗುರು ಕಚ್ಚುತ್ತ ದಿನ ತಳ್ಳಿದೆ.

ಸೀಮಂತದ ದಿನ ಹಸಿರು ಸೀರೆಯುಟ್ಟು, ಎರಡೂ ಕೈತುಂಬ ಹಸಿರು ಬಳೆ ತೊಡಿಸಿಕೊಂಡು ಮಣೆಯ ಮೇಲೆ ಕೂತಿದ್ದೆ. ಆರತಿ ಮುಗಿದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಕನ್ನಡಿ ಲಂಗ ಮಿಂಚಿತು. ಪಿಟೀಲಿಲ್ಲ, ಗೋಲವಿಲ್ಲ, ಬುಟ್ಟಿ ಮಾತ್ರ. ಹೆಂಗಸರೆಲ್ಲ ಹೋ ಎಂದು ಜಾಗ ಬಿಟ್ಟು ಫೋನು ಎತ್ತಿ ಹಿಡಿದರು. ಅತ್ತೆ ನನ್ನ ಮುಂದೆ ಕೂತು, "ಎಡಗೈ ತೋರ್ಸವ್ವಾ" ಎಂದರು. ಕೊಟ್ಟೆ.

ನೋಡಿದರು, ನೋಡುತ್ತಲೇ ಇದ್ದರು. ಯಾರೋ "ಹೇಳೀಮ್ಮಾ, ಗಂಡೋ ಹೆಣ್ಣೋ" ಎಂದು ಅವಸರಪಡಿಸಿದರು. ಅತ್ತೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಅವರು ಮುಂದೆ ಬಾಗಿದರು. ಕೊರವಂಜಿಯ ದನಿಯಲ್ಲ, ಅಡುಗೆಮನೆಯ ದನಿ.

"ನಂಗೇನೂ ಕಾಣಿಸ್ತಾ ಇಲ್ಲ ಕಣೇ ಪುಟ್ಟಿ. ಯಾವತ್ತೂ ಕಂಡಿಲ್ಲ. ಅವತ್ತು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಆಮೇಲೆ ನಿನ್ ಮುಖ ನೋಡೋಕೆ ನಂಗೆ ಆಗ್ಲಿಲ್ಲ."

ಇಷ್ಟು ತಿಂಗಳು ಯಾರಿಗೂ ಹೇಳದ ಮಾತು ನನ್ನ ಬಾಯಿಂದ ಹೊರಗೆ ಬಂತು. "ಅತ್ತೆ, ನಂಗೆ ತುಂಬಾ ಭಯ ಆಗ್ತಿದೆ."

ಏನೂ ಆಗಲ್ಲ ಎಂದು ಅವರು ಹೇಳಲಿಲ್ಲ. "ನಂಗೂ ಕಣೇ" ಎಂದರು. "ಬಾ, ಇಬ್ರೂ ಸೇರ್ಕೊಂಡು ಹೆದರ್ಕೊಳೋಣ."

ಆಮೇಲೆ ತಲೆವಸ್ತ್ರ ಸರಿಮಾಡಿಕೊಂಡು ಹೆಂಗಸರ ಕಡೆ ತಿರುಗಿ, "ಇವತ್ತು ಕಣಿ ಇಲ್ಲ, ಫೋನ್ ಇಳಿಸ್ರಮ್ಮ" ಎಂದು, ನನ್ನ ಪಕ್ಕದಲ್ಲೇ ಲಂಗ ಹರಡಿಕೊಂಡು ಕೂತುಬಿಟ್ಟರು. ಎಲೆ ಹಾಕಿದರು, ಚಿತ್ರಾನ್ನ ಬಂತು, ಪಾಯಸ ಬಂತು. ನಾನು ಅಳುತ್ತ ನಗುತ್ತ ಬಲಗೈಯಲ್ಲಿ ಊಟ ಮುಗಿಸುವವರೆಗೂ ಅವರು ನನ್ನ ಎಡಗೈಯನ್ನು ಬಿಡಲಿಲ್ಲ. ತಮ್ಮ ಎಲೆಯಲ್ಲಿದ್ದುದನ್ನು ಮುಟ್ಟದೆ ಹಾಗೆಯೇ ಕೂತಿದ್ದರು.