ಐದು ವರ್ಷ ಎಂಟರಲ್ಲೇ ಇದ್ದ ಅಕ್ಕ

ನಮ್ಮ ದೊಡ್ಡಪ್ಪನ ಮಗಳು, ಅಂದರೆ ನಮ್ಮಕ್ಕ, ಐದು ವರ್ಷಗಳ ಕಾಲ ಎಂಟು ವರ್ಷದವಳಾಗಿಯೇ ಇದ್ದಳು. ನೀವು ನಂಬುವುದಿಲ್ಲ ಅಂತ ಗೊತ್ತು. ನಮ್ಮೂರು ಮೂಡಿಗೆರೆಯಲ್ಲೂ ಯಾರೂ ನಂಬಲಿಲ್ಲ. ಆದರೆ ಸಿನಿಮಾದವರು ನಂಬಿದ್ದರು. ನಂಬುವುದೇನು, ಅವರೇ ಅವಳನ್ನು ಹಾಗೆ ಇರಿಸಿದ್ದರು!

ತೊಂಬತ್ತರ ದಶಕದ ಶುರು. ಬೆಟ್ಟದ ಮೇಲಿನ ಅತ್ತಿಗುಂಡಿ ಹತ್ತಿರ ಒಂದು ಹಾಡಿನ ಶೂಟಿಂಗ್ ನಡೆದಿತ್ತು. ದೊಡ್ಡಪ್ಪ ಮನೆಮಂದಿಯನ್ನೆಲ್ಲ ಜೀಪಿಗೆ ತುಂಬಿಕೊಂಡು ನೋಡಲು ಹೋದರು. ಹೀರೋನ ಮಗಳಾಗಬೇಕಿದ್ದ ಹುಡುಗಿ ಬೆಟ್ಟದ ತಿರುವುಗಳಲ್ಲಿ ವಾಂತಿ ಮಾಡಿ ಮಾಡಿ ಮಲಗಿಬಿಟ್ಟಿದ್ದಳು. ನಿರ್ದೇಶಕರು ತಲೆಮೇಲೆ ಕೈಹೊತ್ತು ಕೂತಿದ್ದಾಗ, ಮುಂದಿನ ಎರಡು ಹಲ್ಲಿಲ್ಲದ ನಮ್ಮಕ್ಕ ಸೀದಾ ಅವರ ಕುರ್ಚಿ ಹತ್ತಿರ ಹೋಗಿ, "ನಿಮ್ಮ ಟೋಪಿ ಒಂದ್ಸಲ ಕೊಡ್ತೀರಾ?" ಅಂದಳು. ಟೋಪಿ ಸಿಗಲಿಲ್ಲ, ಪಾರ್ಟು ಸಿಕ್ಕಿತು. ಆಗ ಅವಳಿಗೆ ಏಳು ವರ್ಷ. ಮರುವರ್ಷ ಎಂಟಾಯಿತು. ಅಲ್ಲಿಗೆ ವಯಸ್ಸು ನಿಂತಿತು!

ಆಮೇಲೆ ಕೇಳಬೇಕೆ? ಯಾರೋ ಹೀರೋ ಹಾಡುತ್ತಿದ್ದಾನೆ, ಅವನ ಹೆಗಲ ಮೇಲೆ ಒಂದು ಮಗು ಕೈ ಬೀಸುತ್ತಿದೆ ಅಂದರೆ ಅದು ನಮ್ಮಕ್ಕನೇ. ಒಂದು ಗುಟ್ಟು ಹೇಳುತ್ತೇನೆ, ಅವಳಿಗೆ ಹಾಡಲು ಬರುತ್ತಿರಲಿಲ್ಲ. ಹಾಡುವವರು ಬೇರೆ, ಇವಳದು ತುಟಿ ಮಾತ್ರ. ರಾಜ್ಯೋತ್ಸವದ ದಿನ ಶಾಲೆಯಲ್ಲಿ ಅವಳನ್ನು ವೇದಿಕೆ ಹತ್ತಿಸಿದರು. ಹಿಂದೆ ಟೇಪ್ ರೆಕಾರ್ಡರ್ ಹಾಡುತ್ತಿತ್ತು, ಮುಂದೆ ಇವಳು ತುಟಿ ಆಡಿಸುತ್ತಿದ್ದಳು. ಮೊದಲ ಚರಣ ಮುಗಿಯುವಾಗ ಕರೆಂಟು ಹೋಯಿತು. ಹೋದರೇನಂತೆ, ಕಲಾವಿದೆ ನಿಲ್ಲುತ್ತಾಳೆಯೆ? ಉಳಿದ ಎರಡು ಚರಣಗಳನ್ನೂ ತುಟಿಯಲ್ಲೇ ಹಾಡಿ ಮುಗಿಸಿ, ನಮಸ್ಕಾರ ಮಾಡಿ ಇಳಿದಳು. ಹಿಂದಿನ ಸಾಲಿನಲ್ಲಿದ್ದ ಅಜ್ಜ ಒಬ್ಬರು ಗಾಬರಿಯಾಗಿ ಪಕ್ಕದವರನ್ನು ಕೇಳಿದರಂತೆ: "ನನ್ನ ಕಿವಿ ಪೂರ್ತಿ ಹೋಯ್ತಾ ಮಾರಾಯ?"

ಹನ್ನೆರಡು ತುಂಬಿದ್ದೇ ತಡ, ಅಕ್ಕ ಬೆಳೆಯತೊಡಗಿದಳು. ಬೆಳೆಯುವುದು ಅಂದರೆ ಕಾಫಿ ತೋಟದಲ್ಲಿ ನೆಟ್ಟಗೆ ಮೇಲೇರುವ ಸಿಲ್ವರ್ ಮರದ ಹಾಗೆ! ನಿರ್ದೇಶಕರು ಮೊದಮೊದಲು, "ಸ್ವಲ್ಪ ಮಂಡಿ ಬಗ್ಗಿಸಿ ನಡಿಯಮ್ಮ" ಅಂದರು. ಕೊನೆಯ ಸಲ ಅವಳನ್ನು ಹೆಗಲಿಗೇರಿಸಿಕೊಂಡ ಹೀರೋ ಮೂರು ದಿನ ಕತ್ತು ತಿರುಗಿಸಲಿಲ್ಲ.

ದೊಡ್ಡಪ್ಪನಿಗೆ ಚಿಂತೆ ಹತ್ತಿತು. ಕಾಫಿ ಕುಡಿದರೆ ಮಕ್ಕಳು ಬೆಳೆಯುವುದಿಲ್ಲ ಅಂತ ಅವರಿಗೆ ಯಾರೋ ಹೇಳಿದ್ದರು. ಸ್ವಂತ ತೋಟ, ಕಾಫಿಗೇನು ಬರವೆ? ದಿನಕ್ಕೆ ಐದು ಲೋಟ ಕುಡಿಸಿದರು. ಅಕ್ಕನ ನಿದ್ದೆ ಹಾರಿಹೋಯಿತು, ಎತ್ತರ ಮಾತ್ರ ಏರುತ್ತಲೇ ಇತ್ತು.

"ನಿಮ್ಮ ಕಾಫಿಯಿಂದ ಬೆಳೆಯೋದೆಂತ ನಿಲ್ಲಲಿಲ್ಲ" ಅಂದರು ದೊಡ್ಡಮ್ಮ. "ಮಗು ತಾನು ಬೆಳೆಯೋದನ್ನ ತಾನೇ ಎಚ್ಚರ ಇದ್ದು ನೋಡೋ ಹಾಗಾಯ್ತು!"

ಮೂರ್ನಾಲ್ಕು ವರ್ಷ ಯಾರೂ ಕರೆಯಲಿಲ್ಲ. ಶಾಲೆ ಎಂದೋ ತಪ್ಪಿತ್ತು. ಆದರೂ ದೊಡ್ಡಪ್ಪ ಎರಡು ಜಡೆ, ಕೆಂಪು ರಿಬ್ಬನ್ನು ಬಿಡಿಸಲಿಲ್ಲ. "ಯಾವಾಗ ಕರೀತಾರೋ ಎಂತದೋ, ತಯಾರಾಗಿರ್ಬೇಕು" ಅನ್ನುತ್ತಿದ್ದರು. ಐದೂವರೆ ಅಡಿಯ ಮಗು ರಿಬ್ಬನ್ನು ಕಟ್ಟಿಕೊಂಡು ಅಂಗಳದಲ್ಲಿ ಓಡಾಡುತ್ತಿತ್ತು. ಕೆಲಸದವರು ನಗು ತಡೆಯಲು ಕಾಫಿ ಗಿಡದ ಹಿಂದೆ ಹೋಗುತ್ತಿದ್ದರು.

ಅಂತೂ ಹದಿನಾರಕ್ಕೆ ಕರೆ ಬಂತು. ಕಾಲೇಜು ಹುಡುಗಿಯ ಪಾತ್ರ! ಒಬ್ಬ ಹುಡುಗನ ಜೊತೆ ಒಂದೇ ಕೊಡೆಯಲ್ಲಿ ನಾಚುತ್ತ ನಡೆಯಬೇಕು, ಅಷ್ಟೆ. ಲಂಗ ದಾವಣಿ ತೊಟ್ಟು, ರಿಬ್ಬನ್ನು ಬಿಚ್ಚಿ ಅಕ್ಕ ಹೋದಳು. ಹುಡುಗ ಯಾರು ಅಂತೀರಿ? ಹಿಂದೆ ಮೂರು ಸಿನಿಮಾಗಳಲ್ಲಿ ಇವಳ ಅಣ್ಣನಾಗಿದ್ದವನು! ಅವನು ಪ್ರೀತಿಯಿಂದ ನೋಡಿದ. ಅಕ್ಕ ತುಂಬು ಅಕ್ಕರೆಯಿಂದ, "ಅಣ್ಣಾ!" ಅಂದಳು.

"ಕಟ್!" ಅಂದರು ನಿರ್ದೇಶಕರು.

ಹನ್ನೆರಡು ಸಲ ತೆಗೆದರು. ಹನ್ನೊಂದನೆಯ ಸಲ ಬಾಯಿ ತಪ್ಪಿದ್ದು ಅವನದು. "ಬಾ ಪುಟ್ಟೀ" ಅಂದುಬಿಟ್ಟ.

ಆ ಸಿನಿಮಾ ಚಿಕ್ಕಮಗಳೂರಿಗೆ ಬಂದಾಗ ನಾವೆಲ್ಲ ಮ್ಯಾಟಿನಿಗೆ ಹೋದೆವು. ಕೊಡೆಯ ಹಾಡು ಬಂತು. ಪರದೆಯ ಮೇಲೆ ಅಕ್ಕ ನಾಚತೊಡಗಿದಳು. ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಗಟ್ಟಿಯಾಗಿ, "ಅಯ್ಯೋ, ಇದು ಆ ಹಲ್ಲಿಲ್ಲದ ಪುಟ್ಟಿ ಅಲ್ವಾ? ಇದಕ್ಕೆ ಯಾಕ್ರೋ ಇದೆಲ್ಲ, ಮನೆಗೆ ಕಳ್ಸಿ ಅದನ್ನ!" ಅಂದಳು. ಇಡೀ ಥಿಯೇಟರ್ ನಕ್ಕಿತು. ನಾನೂ ನಕ್ಕೆ. ಅಕ್ಕನೂ ನಕ್ಕಳು, ಎಲ್ಲರಿಗಿಂತ ಜೋರಾಗಿ.

ವಾಪಸು ಬರುವಾಗ ದೊಡ್ಡಪ್ಪನೇ ಜೀಪು ಓಡಿಸುತ್ತಿದ್ದರು. ಊರು ಹತ್ತಿರವಾದಾಗ ದೊಡ್ಡಪ್ಪ ರಸ್ತೆಯನ್ನೇ ನೋಡುತ್ತ, "ಇನ್ನೊಂದು ಸಿನಿಮಾ ಸಿಗುತ್ತೆ ಬಿಡು ಮಗಾ" ಅಂದರು.

"ಬೇಡ ಅಪ್ಪಯ್ಯ. ನಾನು ಶಾಲೆಗೆ ಹೋಗ್ತೀನಿ."

"ಈಗ ಹೋದ್ರೆ ಚಿಕ್ಕ ಮಕ್ಕಳ ಜೊತೆ ಕೂರ್ಬೇಕಲ್ಲೇ!"

"ಕೂರ್ತೀನಿ" ಅಂದಳು ಅಕ್ಕ.

ದೊಡ್ಡಪ್ಪ ಜೀಪನ್ನು ಪಕ್ಕಕ್ಕೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಆಮೇಲೆ, "ಸೋಮವಾರ ಹೆಡ್ ಮಾಸ್ಟರ ಹತ್ರ ಹೋಗಿ ಬರ್ತೀನಿ" ಅಂದರು.

ಅಕ್ಕ ಓದಿದಳು. ಎಸ್ಸೆಸ್ಸೆಲ್ಸಿ ಪಾಸಾದಳು, ಪಿಯುಸಿಯಲ್ಲಿ ಒಂದು ಸಲ ಡುಮ್ಕಿ ಹೊಡೆದು ಅದನ್ನೂ ಪಾಸು ಮಾಡಿದಳು. ಈಗ ತೋಟ ನೋಡಿಕೊಳ್ಳುವವಳು ಅವಳೇ. ಅವಳು ಬರುತ್ತಿದ್ದಾಳೆ ಅಂದರೆ ತೋಟದ ಲೆಕ್ಕ ಬರೆಯುವ ರೈಟರ್ ಸೈಕಲ್ಲಿನಿಂದ ಇಳಿದು ನಿಲ್ಲುತ್ತಾರೆ.

ಆದರೆ ನನಗೆ ಮರೆಯಲಾಗದ್ದು ಅವಳ ಶಾಲೆಯ ಮೊದಲ ದಿನ. ನಾನು ಒಂಬತ್ತನೇ ತರಗತಿ. ಅಕ್ಕ ಬಂದು ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದರು. ಮೇಷ್ಟ್ರು, "ಹೊಸ ಹುಡುಗಿ, ಎದ್ದು ನಿಂತು ಹೆಸರು ಹೇಳಮ್ಮ" ಅಂದರು. ಊರೂರಿನ ಜನ ನೋಡಿದ ಹುಡುಗಿ, ಹೆಸರು ಹೇಳುವುದೇನು ಮಹಾ ಅಂದುಕೊಂಡೆ. ಅಷ್ಟರಲ್ಲಿ ಬೆಂಚಿನ ಕೆಳಗೆ ಅವಳ ಕೈ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಿತು. ನಾನು ಬಿಗಿಯಾಗಿ ಹಿಡಿದೆ. ಅವಳು ಎದ್ದು ನಿಂತಳು.