ಅಳಿಯಕಟ್ಟಿನ ಬೋಳುತಲೆ

ಕೂದಲು ಏಕೆ ಉದುರುತ್ತದೆ ಎಂದು ಪತ್ತೆಹಚ್ಚುವುದು ಬಹಳ ಸುಲಭ ಎಂದು ನಾನು ನಂಬಿದ್ದೆ. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ನನಗೆ, ಹಂಚು ಎಲ್ಲಿ ಒಡೆಯಿತು, ಏಕೆ ಒಡೆಯಿತು ಎಂದು ವಿಚಾರಣೆ ನಡೆಸಿ ಅಭ್ಯಾಸವಿತ್ತು. ಅದರ ಮುಂದೆ ತಲೆಯೇನು ಮಹಾ!

ಆಗ ನನಗೆ ಟೈಫಾಯ್ಡ್ ಬಂದು ವಾಸಿಯಾಗಿ ಎರಡು ಮೂರು ತಿಂಗಳಾಗಿತ್ತು. ಜ್ವರಕ್ಕೆ ಮೊದಲೇ ನಾನೂ ಅಮ್ಮನೂ ಕುಲಶೇಖರಕ್ಕೆ ಹೋಗಿ ಸುಮತಿ ಎಂಬ ಹುಡುಗಿಯನ್ನು ನೋಡಿ ಬಂದಿದ್ದೆವು. ನಾನು ಒಪ್ಪಿದ್ದೆ. ಒಪ್ಪಿದ್ದೆ ಎಂದರೆ ಕಡಿಮೆಯಾಯಿತು. ಜ್ವರದಲ್ಲಿ ನಾನು ಬಡಬಡಿಸಿದ್ದೂ ಅವಳ ಹೆಸರನ್ನೇ ಎಂದು ಅಮ್ಮ ಬೀದಿಗೆಲ್ಲ ಸುದ್ದಿ ಹಂಚಿಬಿಟ್ಟಿದ್ದಳು. ಇನ್ನು ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಹೋಗಿ ಮಾತು ಮುಗಿಸುವುದೊಂದೇ ಬಾಕಿ. ಅಷ್ಟರಲ್ಲಿ ಒಂದು ಬೆಳಿಗ್ಗೆ ಬಾಚಣಿಗೆಯಲ್ಲಿ ಹಿಡಿ ತುಂಬ ಕೂದಲು ಬಂತು!

ವಿಚಾರಣೆ ಆರಂಭಿಸಿದೆ. ಕ್ಷೌರದಂಗಡಿಯವನು ಸಾಬೂನಿನ ಮೇಲೆ ತಪ್ಪು ಹೊರಿಸಿದ. ಪಕ್ಕದ ಮನೆಯ ಇಬ್ರಾಹಿಂ ಬ್ಯಾರಿ, “ಸಾಬೂನಲ್ಲ ಮಾರಾಯ್ರೆ, ನಿಮ್ಮ ಬಾವಿಯ ನೀರಿನಲ್ಲಿ ಉಪ್ಪು ಉಂಟು,” ಎಂದರು. ಆಫೀಸಿನ ಹೆಡ್ ಕ್ಲಾರ್ಕ್, “ಚಿಂತೆ ಬಿಡಿ, ಎಲ್ಲ ಸರಿಯಾಗ್ತದೆ,” ಎಂದರು. ನಾನು ಸಾಬೂನು ಬಿಟ್ಟೆ, ಬ್ಯಾರಿಗಳ ಬಾವಿಯಿಂದ ನೀರು ಹೊತ್ತು ತಂದೆ, ಚಿಂತೆ ಬಿಡಲಾಗುತ್ತಿಲ್ಲವಲ್ಲ ಎಂದು ಹೊಸದಾಗಿ ಚಿಂತೆ ಮಾಡತೊಡಗಿದೆ. ಅಮ್ಮ ದಾಸವಾಳದ ಸೊಪ್ಪು ಅರೆದು ಹಚ್ಚಿದಳು. ಕಿವಿಯ ಹಿಂದೆ ಹಸಿರು ಅಂಟಿಸಿಕೊಂಡೇ ಆಫೀಸಿಗೆ ಹೋದೆ. ಕೂದಲು ಮಾತ್ರ ತನ್ನ ಪಾಡಿಗೆ ಉದುರುತ್ತಲೇ ಇತ್ತು.

ಆ ಭಾನುವಾರ ಕುಲಶೇಖರಕ್ಕೆ ಹೋಗಿ ಮಾತು ಮುಗಿಸಲೆಂದು ಮಾವ ಪಡೀಲಿನಿಂದ ಬಂದರು. ಆರಡಿ ಎತ್ತರ, ಗಿರಿಜಾ ಮೀಸೆ, ಅಂಗಳದಲ್ಲಿ ಕೆಮ್ಮಿದರೆ ಅಡುಗೆಮನೆಯಲ್ಲಿ ಪಾತ್ರೆ ಅದುರಬೇಕು! ಜಗಲಿಯಲ್ಲಿ ಕುಳಿತು ತಲೆಯ ಬೆವರು ಒರೆಸಿಕೊಂಡರು. ಆ ತಲೆಯಲ್ಲಿ ಹೆಸರಿಗೆ ಒಂದು ಕೂದಲೂ ಇರಲಿಲ್ಲ. ನನ್ನ ಕೈ ತಾನಾಗಿಯೇ ನನ್ನ ತಲೆಗೆ ಹೋಯಿತು.

ನಮ್ಮದು ಅಳಿಯಕಟ್ಟು. ಗದ್ದೆ, ತೋಟ, ಯಜಮಾನಿಕೆ ಎಲ್ಲವೂ ಮಾವನಿಂದ ಅಳಿಯನಿಗೆ, ಅಂದರೆ ಅವರ ತಂಗಿಯ ಮಗನಿಗೆ, ಬರತಕ್ಕದ್ದು. ಅಪ್ಪನಿಂದ ಮಗನಿಗೆ ಏನೂ ಇಲ್ಲ. ನನ್ನ ಅಪ್ಪನ ತಲೆಯಲ್ಲಿ ಬಾಚಣಿಗೆ ಮುರಿಯುವಷ್ಟು ಕೂದಲಿತ್ತು. ಆದರೆ ಸದರಿ ಕೂದಲಿನಲ್ಲಿ ನನಗೆ ಕಾನೂನು ಪ್ರಕಾರ ಯಾವ ಹಕ್ಕೂ ಇರಲಿಲ್ಲ!

ಸುಮತಿಯ ಮನೆಯವರೂ ಅಳಿಯಕಟ್ಟಿನವರೇ. ಮಾವನ ತಲೆ ನೋಡಿದರೆ ನನ್ನ ತಲೆಯ ಭವಿಷ್ಯ ಅವರಿಗೆ ತಿಳಿಯದೆ ಇರುತ್ತದೆಯೇ? ಹುಡುಗಿ ಕೈ ತಪ್ಪಿದ ಹಾಗೆಯೇ. ಮಾವನನ್ನು ಬಿಟ್ಟು ಹೋಗುವಂತಿಲ್ಲ, ಅವರ ತಲೆಯನ್ನು ಬಿಟ್ಟು ಹೋಗುವುದಂತೂ ಸಾಧ್ಯವೇ ಇಲ್ಲ. ಹಾಗಾಗಿ ಮುಚ್ಚುವುದೆಂದು ತೀರ್ಮಾನಿಸಿದೆ.

“ಮಾವ, ಅವರು ಹಳೇ ಕಾಲದ ಮರ್ಯಾದೆಯವರು. ನೀವು ಮುಂಡಾಸು ಕಟ್ಟದಿದ್ದರೆ ಬೇಸರ ಮಾಡ್ತಾರೆ.”

“ಹೌದಾ? ನನಗೆ ಮುಂಡಾಸು ಕಟ್ಟಿದರೆ ತಲೆ ತುರಿಸ್ತದೆ ಮಾರಾಯ.”

“ಸ್ವಲ್ಪ ಹೊತ್ತು ತಡ್ಕೊಳ್ಳಿ ಮಾವ. ನನ್ನ ಮದುವೆ ಅಲ್ವಾ?”

ಬಿಚ್ಚಿ ಹೋಗದಿರಲೆಂದು ನಾನೇ ಬಿಗಿದು ಕಟ್ಟಿದೆ. ಏಪ್ರಿಲ್ ತಿಂಗಳ ಸೆಕೆ ಬೇರೆ. ಕುಲಶೇಖರದ ಏರು ಹತ್ತುವಷ್ಟರಲ್ಲಿ ಮಾವನ ಮುಖ ಕೆಂಪೇರಿತ್ತು.

ಸುಮತಿಯ ಮಾವನೂ ಅಜ್ಜಿಯೂ ಬೆಲ್ಲ ನೀರು ಕೊಟ್ಟು ಕೂರಿಸಿದರು. ಸುಮತಿ ಬಾಗಿಲ ಹಿಂದೆ ನಿಂತಿದ್ದಳು. ಮಾತು ಚೆನ್ನಾಗಿಯೇ ಸಾಗಿತು. ಮಾವ ಮೊದಲು ಮುಂಡಾಸಿನೊಳಗೆ ಒಂದು ಬೆರಳು ತೂರಿಸಿದರು. ಆಮೇಲೆ ಎರಡು. ಮದುವೆ ಯಾವ ತಿಂಗಳು ಎಂಬಲ್ಲಿಗೆ ಮಾತು ಬಂದಾಗ ಇಡೀ ಕೈ ಒಳಗಿತ್ತು!

“ಎಂತ ಸಾವು ಮಾರಾಯ ಇದು!” ಎಂದು ಗುಡುಗಿ, ಮುಂಡಾಸು ಕಿತ್ತು ಚಾಪೆಯ ಮೇಲೆ ಒಗೆದರು.

ಅಜ್ಜಿ ಮಾವನ ತಲೆ ನೋಡಿದರು. ಆಮೇಲೆ ನನ್ನ ತಲೆ ನೋಡಿದರು. ನಾನು ಎದ್ದು ನಿಂತೆ.

“ಅಜ್ಜಿ, ನನ್ನದು ಜ್ವರದಿಂದ ಉದುರಿದ್ದು! ಮಾವನಿಂದ ಬಂದದ್ದಲ್ಲ! ಅವರ ತಲೆ ನನಗೆ ಖಂಡಿತ ಬರುವುದಿಲ್ಲ!”

ಇದನ್ನು ನಾನೇ ನಂಬಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟಿದ್ದೆ.

ಮಾವ ನಿಧಾನವಾಗಿ ನನ್ನತ್ತ ತಿರುಗಿದರು. “ಓಹೋ! ಮುಂಡಾಸು ಇದಕ್ಕಾ? ನನ್ನ ಗದ್ದೆ ಬೇಕು, ತೋಟ ಬೇಕು, ತಲೆ ಮಾತ್ರ ಬೇಡವಾ ನಿನಗೆ?”

ಮುಗಿಯಿತು, ಹುಡುಗಿಯೂ ಹೋದಳು, ಮಾವನೂ ಹೋದರು ಎಂದುಕೊಂಡೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಕಿಲಕಿಲ ನಗು ಕೇಳಿತು. ಅಜ್ಜಿಯಂತೂ ಬಾಯಲ್ಲಿದ್ದ ಎಲೆ ಅಡಿಕೆ ಉಗಿಯಲು ಅಂಗಳಕ್ಕೇ ಓಡಿದರು.

“ಟೈಫಾಯ್ಡ್ ಬಂದಿತ್ತಾ? ಡಾಕ್ಟ್ರಲ್ಲಿ ಕೇಳಿದ್ದೀರಾ?” ಎಂದು ಸುಮತಿಯ ಮಾವ ನಗು ತಡೆದು ಕೇಳಿದರು.

“ಇಲ್ಲ. ಅವರೊಬ್ಬರನ್ನು ಬಿಟ್ಟು ಎಲ್ಲರಲ್ಲೂ ಕೇಳಿದ್ದೇನೆ!”

“ದೊಡ್ಡ ಜ್ವರ ಬಂದರೆ ಉದುರ್ತದೆ, ಪುನಃ ಬರ್ತದೆ,” ಎಂದು ಅಜ್ಜಿ ಅಂಗಳದಿಂದಲೇ ಕೂಗಿದರು. “ಹೆತ್ತ ಮೇಲೆ ಹೆಂಗಸರಿಗೂ ಹಾಗೆಯೇ. ಅದಕ್ಕೆ ಇಷ್ಟು ಗಲಾಟೆಯಾ?”

ಮರುದಿನ ಡಾಕ್ಟರೂ ಅದನ್ನೇ ಹೇಳಿದರು. “ಇದು ಜ್ವರದ್ದೇ, ಪುನಃ ಬರ್ತದೆ. ಮತ್ತೆ, ಬೋಳುತಲೆ ನಿಮ್ಮ ಕಟ್ಟುಕಟ್ಟಳೆ ಕೇಳಿಕೊಂಡು ಬರುವುದಿಲ್ಲ. ಅಮ್ಮನ ಕಡೆಯಿಂದಲೂ ಬಂದೀತು, ಅಪ್ಪನ ಕಡೆಯಿಂದಲೂ ಬಂದೀತು.” ಅಬ್ಬ! ಹೋದ ಜೀವ ಬಂದಂತಾಯಿತು. ನಾನು ಹೇಳಿದ ಸುಳ್ಳು ನಿಜವಾಗಿತ್ತು!

ಮಾವ ಕೆಲವು ದಿನ ಬುಸುಗುಟ್ಟಿ ಸುಮ್ಮನಾದರು. ಮದುವೆಯ ದಿನ ಬೋಳುತಲೆಯಲ್ಲೇ, ಎಲ್ಲರಿಗಿಂತ ಮುಂದೆ ಕುಳಿತರು. ಅಷ್ಟರಲ್ಲಿ ನನ್ನ ತಲೆಯಲ್ಲೂ ಹೊಸ ಕೂದಲು ಬ್ರಷ್ಷಿನಂತೆ ನೆಟ್ಟಗೆ ನಿಂತಿತ್ತು. ಆಮೇಲೆ ಅದು ಉದುರಲೇ ಇಲ್ಲ.

ಮೊನ್ನೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಾ ಹೆಂಡತಿಯನ್ನು ಕೇಳಿದೆ. “ಕೂದಲು ಪುನಃ ಬರ್ತದೆ ಅಂತ ಅಜ್ಜಿ ಹೇಳಿದ್ದಕ್ಕೇ ಅಲ್ವಾ ನೀನು ನನ್ನನ್ನು ಒಪ್ಪಿದ್ದು?”

“ನಿಮ್ಮ ಕೂದಲು ಯಾರಿಗೆ ಬೇಕಿತ್ತು?” ಎಂದಳು ಸುಮತಿ. “ಮುಂಡಾಸು ತೆಗೆದು ಕೂತಾಗ ನಿಮ್ಮ ಮಾವ ಎಷ್ಟು ಚಂದ ಕಂಡರು! ಆ ಗತ್ತು, ಆ ಮೀಸೆ! ಅಳಿಯನೂ ಮುಂದೆ ಹಾಗೆಯೇ ಆಗ್ತಾನೆ ಅಂತ ಗ್ರಹಿಸಿದ್ದೆ.”

ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

“ಎಂತ ಮಾಡುವುದು, ನಿಮಗೆ ಬಂದದ್ದು ಬರೀ ಕೂದಲು.”